ಓದಿ ಹೇಳಲಾಯಿತು

ಮೂರು ಕಟ್ಟುಗಳೂ ಊಟದ ಮೇಜಿನ ಮೇಲೆ ಬಿದ್ದುಕೊಂಡು ಆರು ದಿನವಾಗಿತ್ತು. ತಟ್ಟೆ ಇಡುವಾಗ ಅವನ್ನು ಗೋಡೆಯ ಕಡೆ ತಳ್ಳುವುದು, ಊಟವಾದ ಮೇಲೆ ಮೇಜು ಒರೆಸಿ ಮತ್ತೆ ಎಳೆದುಕೊಳ್ಳುವುದು, ಎಳೆದುಕೊಂಡು ಓದುವ ಬದಲು ಮೇಲಿನ ಚಿತ್ರಗಳನ್ನೇ ನೋಡುತ್ತ ಕೂರುವುದು, ಇಷ್ಟೇ ನಡೆದಿತ್ತು. ಮನೆಯಲ್ಲೇ ಕಲಿಯುವ ಮಕ್ಕಳಿಗೆ ಬರವಣಿಗೆ ಕಲಿಸಿಕೊಡುತ್ತೇವೆ ಎಂದು ಮೂರು ಬೇರೆ ಬೇರೆ ಸಂಸ್ಥೆಗಳವರು ಕಳಿಸಿದ್ದ ಪಾಠಕ್ರಮಗಳು ಅವು. ಒಂದನ್ನು ಆರಿಸಿ, ಅದರ ಅರ್ಜಿ ತುಂಬಿ, ಮಗಳ ಒಂದು ಬರಹವನ್ನು ಜೊತೆಗಿಟ್ಟು ನಾಳೆ ಸೋಮವಾರ ಕಳಿಸಬೇಕು. ಕಳಿಸಿದ್ದರ ಪ್ರತಿಯನ್ನು ಶಾಲೆಗೆ ತೋರಿಸಿದರೆ ಅಲ್ಲಿ ಅವಳ ಜಾಗ ಒಂದು ವರ್ಷ ಹಾಗೇ ಇರುತ್ತದೆ. ಇಷ್ಟು ಸಣ್ಣ ಕೆಲಸ. ಆದರೆ ಆರಿಸುವುದು ಅವನಿಗೆ ರೂಢಿಯಿಲ್ಲ. ಹದಿನೆಂಟು ವರ್ಷದಿಂದ ನ್ಯಾಯಾಲಯದಲ್ಲಿ ಬೆರಳಚ್ಚುಗಾರ; ತೀರ್ಮಾನವೆಲ್ಲ ಎತ್ತರದ ಕುರ್ಚಿಯವರದು, ಕೆಳಗಿನ ಮೇಜಿನವನದು ಬರೀ ಬೆರಳು. ಮನೆಯಲ್ಲಿ ಆ ಎತ್ತರದ ಕುರ್ಚಿ ಹೆಂಡತಿಯದಾಗಿತ್ತು. ಪರದೆಯ ಬಣ್ಣದಿಂದ ಹಿಡಿದು ಮಗಳ ಶಾಲೆಯವರೆಗೆ ಎಲ್ಲವನ್ನೂ ಅವಳು ಹೇಳುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಹೂಂ ಎನ್ನೋಣವೆಂದರೂ ಈಗ ಹೇಳುವವರಿಲ್ಲ.

ಬೆಳಗಿನ ಬಿಸಿಲು ಕಿಟಕಿಯ ಸರಳು ದಾಟಿ ಮೇಜಿನ ಅಂಚಿಗೆ ಬಂದಿತ್ತು. ಮಗಳು ಎದುರಿಗೆ ಕೂತು ಬಾಚಣಿಗೆಯ ಹಲ್ಲುಗಳನ್ನು ಉಗುರಿನಿಂದ ಮೀಟುತ್ತಿದ್ದಳು. ಒಂಬತ್ತು ತುಂಬಿದೆ. ಅವಳಮ್ಮ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದಳು. ಎಲ್ಲಾ ರೇಡಿಯೋಗೂ ಒಂದು ಕಿವಿ ಇರುತ್ತೆ ತಿರುಗಿಸಿ ಆರಿಸೋಕೆ, ಇದಕ್ಕೆ ಅದನ್ನೇ ಇಟ್ಟಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಈಗ ಕೇಳಿದ್ದಕ್ಕೆ ಒಂದು ಮಾತು, ಹೆಚ್ಚೆಂದರೆ ಎರಡು. ಬರೆಯುವುದಂತೂ ನಿಂತೇ ಹೋಗಿದೆ. ಓದುತ್ತಾಳೆ, ಲೆಕ್ಕ ಮಾಡುತ್ತಾಳೆ, ಆದರೆ ನಿನ್ನದೇ ನಾಲ್ಕು ಸಾಲು ಬರಿ ಎಂದರೆ ಪೆನ್ಸಿಲಿನ ತುದಿಯನ್ನು ಹಾಳೆಯ ಮೇಲಿಟ್ಟು ಹಾಗೇ ಕೂತುಬಿಡುತ್ತಾಳೆ. ಅಲ್ಲೊಂದು ಕಪ್ಪು ಚುಕ್ಕೆ ದೊಡ್ಡದಾಗುತ್ತ ಹೋಗುತ್ತದೆ. ಶಾಲೆಯಲ್ಲಿ ಅವನನ್ನು ಕರೆಸಿದ್ದರು. ಕೂರಿ ಎಂದು ಮಕ್ಕಳ ಕುರ್ಚಿಯೊಂದನ್ನು ತೋರಿಸಿದ್ದರು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಮುಖ್ಯೋಪಾಧ್ಯಾಯಿನಿ ನೋಟ್‌ಬುಕ್ ತಿರುಗಿಸಿ ಅವನ ಮುಂದೆ ಹಿಡಿದರು. ಎಡಗಡೆಯ ಪುಟದ ಕೊನೆಗೆ 'ನಾನು ಮರೆಯಲಾರದ ದಿನ' ಎಂದು ಶೀರ್ಷಿಕೆ, ಅದರ ಮುಂದಿನ ಹಾಳೆ ಬುಡದವರೆಗೂ ಹರಿದಿತ್ತು. "ಒಂದೇ ಸಾಲು ಬರ್ದಿದ್ಳು. ಏನು ಅಂತ ಟೀಚರ್ ಹತ್ರ ಬರೋಷ್ಟ್ರಲ್ಲಿ ಹರ್ದು ಬಾಯಿಗೆ ಹಾಕ್ಕೊಂಡು ಅಗ್ದುಬಿಟ್ಳು. ನುಂಗೇಬಿಟ್ಳು. ಬೈಯೋಕೂ ನಮ್ಗೆ ಮನಸ್ಸು ಬರ್ಲಿಲ್ಲ. ಒಂದು ವರ್ಷ ಮನೇಲೇ ಕಲೀಲಿ, ಯಾವುದಾದ್ರೂ ಒಳ್ಳೇ ಕ್ರಮ ನೋಡಿ ಬರೆಯೋದು ಕಲಿಸಿ," ಎಂದರು. ಅವನು ಆಗಲಿ ಮೇಡಂ ಎಂದು ಎದ್ದಾಗ ಆ ಕುರ್ಚಿಯೂ ಅವನ ಸೊಂಟಕ್ಕೆ ಸಿಕ್ಕಿಕೊಂಡು ಎದ್ದಿತು. ಬಾಗಿಲಲ್ಲಿ ನಿಂತಿದ್ದ ಟೀಚರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ಅವನು ನೋಡಿದ. ಅವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ನಗು ಯಾರನ್ನೂ ಕೇಳಿಕೊಂಡು ಬರುವುದಿಲ್ಲ ಎನ್ನುವುದು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿರಬೇಕು.

ಮೊದಲನೆಯ ಕಟ್ಟು ದಪ್ಪನೆಯದು, ನಕಲು ಪುಸ್ತಕ. ದಿನಕ್ಕೊಂದು ಪುಟದಂತೆ ನೂರ ಎಂಬತ್ತು ಪುಟ. ಮೇಲೆ ಯಾರೋ ಬರೆದ ಚಂದದ ಸಾಲುಗಳು, ಕೆಳಗೆ ಖಾಲಿ ಗೆರೆಗಳು. ನೋಡಿಕೊಂಡು ಬರೆಯುತ್ತ ಹೋದರೆ ಒಂದು ದಿನ ಸ್ವಂತ ಸಾಲು ತಾನಾಗಿ ಬರುತ್ತದಂತೆ. ಎರಡನೆಯದರ ತುಂಬ ಬಣ್ಣ, ಅಂಟಿಸುವ ನಕ್ಷತ್ರಗಳು. ಅರ್ಧ ವಾಕ್ಯ ಅವರೇ ಕೊಡುತ್ತಾರೆ, ಉಳಿದರ್ಧ ಮಗು ತುಂಬಬೇಕು. ಅದನ್ನು ಮೊದಲ ದಿನವೇ ಆಫೀಸಿನಲ್ಲಿ ಬಿಚ್ಚಿ ನೋಡಿದ್ದ. ನಾಲ್ಕನೆಯ ಪುಟದಲ್ಲಿ 'ನನ್ನ ಅಮ್ಮ ದಿನಾ ನನಗೆ' ಎಂದು ಬರೆದು ಮುಂದೆ ಗೆರೆ ಎಳೆದಿದ್ದರು. ಎದುರಿನ ಐದನೆಯದರಲ್ಲಿ 'ಅಮ್ಮನಿಗೆ ನಾನು ಹೇಳುವ ಗುಟ್ಟು'. ಸಾಕ್ಷಿಗಳ ಹೇಳಿಕೆಗಳಿಗೆ ಪಿನ್ ಹೊಡೆಯುವ ಆ ಭಾರದ ಯಂತ್ರದಿಂದಲೇ ಎರಡೂ ಪುಟಗಳನ್ನು ಸುತ್ತ ಸೇರಿಸಿ ಪಿನ್ ಹೊಡೆದುಬಿಟ್ಟಿದ್ದ. ಮನೆಗೆ ತಂದ ಸಂಜೆಯೇ ಮಗಳು ಪುಟ ತಿರುವುತ್ತ ಅಲ್ಲಿಗೆ ಬಂದು ನಿಂತು, ಬೆರಳಿನಿಂದ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ, ಯಾಕೆಂದು ಕೇಳದೆ ಮುಂದಿನ ಪುಟಕ್ಕೆ ಹೋಗಿದ್ದಳು. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಅವನು ಎಷ್ಟೋ ಹೊತ್ತು ಯೋಚಿಸಿದ್ದ. ಕೇಳದೆ ಹೋದದ್ದೇ ಹೆಚ್ಚು ನೋವಾಯಿತು.

ಹತ್ತು ಗಂಟೆಗೆ ಅಕ್ಕ ಬಂದಳು. ಎರಡು ಬೀದಿ ಆಚೆ ಮನೆ, ಮನೆಯಲ್ಲೇ ಹೊಲಿಗೆ. ಅವನು ಕೋರ್ಟಿಗೆ ಹೋದ ಹೊತ್ತೆಲ್ಲ ಮಗಳು ಅವಳ ಹೊಲಿಗೆ ಯಂತ್ರದ ಪಕ್ಕದಲ್ಲೇ ಇರುತ್ತಾಳೆ. ಮಗಳ ಲಂಗದ ಅಂಚು ಬಿಚ್ಚಿ ಉದ್ದ ಮಾಡಿ ತಂದಿದ್ದಳು. ಚೀಲ ಕೆಳಗಿಡುವ ಮೊದಲೇ ಅವಳ ಕಣ್ಣು ಮೇಜಿನ ಮೇಲೆ ಬಿತ್ತು.

"ಇನ್ನೂ ನೋಡ್ತಾನೇ ಕೂತಿದ್ದೀಯೇನೋ? ಹೆಣ್ಣು ನೋಡೋಕೆ ಹೋದಾಗ್ಲೂ ನೀನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ. ಬಾಗ್ಲಲ್ಲೇ ಒಪ್ಪಿದ್ದೆ." ಅಂದಮೇಲೆ ನಾಲಿಗೆ ಕಚ್ಚಿಕೊಂಡು, ಮಗಳ ಕಡೆ ನೋಡಿ, ಲಂಗವನ್ನು ಸುಮ್ಮನೆ ಒದರಿದಳು. "ಈ ದಪ್ಪದ್ದೇ ಸರಿ ಕಣೋ. ಹಾಡ್ತಾ ಹಾಡ್ತಾ ರಾಗ. ನಂಗೆ ಕಾಜ ಹೊಲಿಯೋದು ಯಾರು ಕಲಿಸಿದ್ರು? ನೋಡ್ಕೊಂಡು ನೋಡ್ಕೊಂಡು ಹೊಲಿದೆ, ಕೈ ಪಳಗ್ತು."

"ಅವಳಿಗೆ ಬರೆಯೋ ಕೈ ಇದೆ ಅಕ್ಕ. ಬೇರೆ ಏನೋ ಇಲ್ಲ."

"ಏನಿಲ್ಲ?"

ಮಗಳು ಬಾಚಣಿಗೆಯ ಹಲ್ಲು ಮೀಟುವುದನ್ನು ನಿಲ್ಲಿಸಿದ್ದಳು. ಅಕ್ಕ ನಿಟ್ಟುಸಿರು ಬಿಟ್ಟು, ಕಾಫಿ ಮಾಡ್ತೀನಿ, ಹಾಲಿದೆಯೋ ಅದಕ್ಕೂ ನಾನೇ ಹೋಗ್ಬೇಕೋ ಎನ್ನುತ್ತ ಅಡುಗೆಮನೆಗೆ ನಡೆದಳು. ಹಾಲಿರಲಿಲ್ಲ. ಅದನ್ನೂ ಅವಳೇ ಪಾತ್ರೆಗಳ ಸದ್ದಿನ ನಡುವೆ ಕಂಡುಹಿಡಿದು, ಅವನನ್ನು ಬೈದುಕೊಳ್ಳುತ್ತ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದಳು.

ಮೂರನೆಯ ಕಟ್ಟು ಕಟ್ಟೇ ಅಲ್ಲ, ನಾಲ್ಕು ಹಾಳೆ. ಚಿತ್ರವಿಲ್ಲ, ಬಣ್ಣವಿಲ್ಲ. ಮೊದಲ ತಿಂಗಳು ಮಗುವಿನ ಕೈಗೆ ಪೆನ್ಸಿಲ್ ಕೊಡಬೇಡಿ ಎಂದು ಶುರುವಾಗುತ್ತದೆ. ಮಗು ಹೇಳಲಿ, ದೊಡ್ಡವರು ಬರೆದುಕೊಳ್ಳಲಿ. ವಿಷಯ ಕೊಡಬೇಡಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ಒಂದು ಮಾತು ಸೇರಿಸಬೇಡಿ, ಒಂದು ಮಾತು ಬಿಡಬೇಡಿ. ಕೊನೆಗೆ ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿ, ಮಗುವಿನ ಸಹಿ ಹಾಕಿಸಿ. ಇದನ್ನು ಮೊದಲ ಸಲ ಓದಿದಾಗ ಅವನಿಗೆ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಬಗೆಯ ಗೆಲುವು ಬಂದಿತ್ತು. ಇದು ತನ್ನದೇ ಕೆಲಸ. ಇಷ್ಟು ಸುಲಭದ್ದನ್ನು ಯಾರಾದರೂ ಕಾಗದದಲ್ಲಿ ಬರೆದು ಕಳಿಸುತ್ತಾರೆಯೇ. ಬೆರಳಿಗೆ ಹದಿನೆಂಟು ವರ್ಷದ ಪಾಠವಾಗಿದೆ. ಆದರೆ ಅರ್ಜಿಯಲ್ಲಿ 'ಮಗುವಿನ ತೊಂದರೆ ಏನು' ಎಂಬಲ್ಲಿ 'ಸ್ವಂತವಾಗಿ ಬರೆಯಲು ಬರುವುದಿಲ್ಲ' ಎಂದು ತುಂಬಿದ ಮೇಲೆ, ಬರಹದ ಜಾಗಕ್ಕೆ ಬಂದಾಗ, ಯಾಕೋ ಕೈ ಹಿಂದೆಗೆಯುತ್ತಿತ್ತು. ಐದು ದಿನ ಹಿಂದೆಗೆದಿತ್ತು. ಇವತ್ತು, ಅಕ್ಕ ಹಾಲು ತರುವಷ್ಟರಲ್ಲಿ ಮುಗಿಸಿಬಿಡೋಣ ಎಂದು ಎದ್ದ.

ಕೋರ್ಟಿಗೆ ಕಂಪ್ಯೂಟರು ಬಂದಾಗ ಹರಾಜಿನಲ್ಲಿ ಕೊಂಡಿದ್ದ ಟೈಪ್‌ರೈಟರು ಗೋಡೆಯ ಪಕ್ಕದ ಮೇಜಿನ ಮೇಲಿತ್ತು. ಹಾಳೆ ಸುತ್ತಿಸಿ, ಗೋಡೆಗೆ ಮುಖ ಮಾಡಿ ಕೂತ. ಮಗಳು ತಾನಾಗಿಯೇ ಎದ್ದು ಬಂದು ಅವನ ಹಿಂದೆ ಎಡಗಡೆ ನಿಂತಳು. ಕೋರ್ಟಿನಲ್ಲಿ ಸಾಕ್ಷಿ ನಿಲ್ಲುವುದೂ ಹೀಗೇ, ಬೆನ್ನ ಹಿಂದೆ, ಎಡಕ್ಕೆ. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಜನರ ದನಿ ಕೇಳಿದ್ದಾನೋ, ಮುಖ ನೋಡಿದ್ದು ಕಡಿಮೆ. ಅವರು ಹೇಳುತ್ತಾರೆ, ನ್ಯಾಯಾಧೀಶರು ಅದರಿಂದ ಬೇಕಾದ್ದನ್ನು ಎತ್ತಿ ಕೋರ್ಟಿನ ಭಾಷೆಯಲ್ಲಿ ಹೇಳುತ್ತಾರೆ, ಅವನು ಅದನ್ನು ಟೈಪು ಮಾಡುತ್ತಾನೆ. ಒಬ್ಬ ಹೆಂಗಸು ಹೇಳಿದ್ದಳು: ಗಂಡನ ಮೇಲೆ ಕೈ ಮಾಡ್ತಿದ್ರು ಸ್ವಾಮಿ, ಹೊರಗಡೆ ಕೂಗು ಕೇಳ್ತಿತ್ತು, ಹಾಲು ಉಕ್ಕಿ ಬರ್ತಿತ್ತು, ನಾನು ಮೊದ್ಲು ಒಲೆ ಆರಿಸ್ದೆ, ಯಾಕೆ ಮೊದ್ಲು ಒಲೆ ಆರಿಸ್ದೆ ಅಂತ ಇವತ್ತಿಗೂ ಗೊತ್ತಾಗ್ತಿಲ್ಲ. ಅದು ಹಾಳೆಯಲ್ಲಿ 'ಆ ಸಮಯದಲ್ಲಿ ನಾನು ಅಡುಗೆಮನೆಯಲ್ಲಿದ್ದೆ' ಎಂದಾಯಿತು. ಓದಿ ಹೇಳಿದಾಗ ಅವಳು ಸರಿ ಇದೆ ಎಂದಳು. ಎಲ್ಲರೂ ಸರಿ ಇದೆ ಎನ್ನುತ್ತಾರೆ. ಒಬ್ಬ ಮುದುಕ ಮಾತ್ರ, ಇದು ನಾನು ಹೇಳಿದ್ದಲ್ಲವಲ್ಲ ಎಂದು ಸುತ್ತಲೂ ನೋಡಿದ್ದ. ಇಡೀ ಕೋರ್ಟು ನಕ್ಕಿತ್ತು, ಟೈಪು ಮಾಡುತ್ತಿದ್ದ ಇವನೂ ನಕ್ಕಿದ್ದ. ಮೂರೂವರೆಗೆ ಬಸ್ಸಿದೆ ಎಂದು ಯಾರೋ ಹೇಳಿದ ಮೇಲೆ ಮುದುಕನೂ ಹೆಬ್ಬೆಟ್ಟು ಒತ್ತಿ ಹೋದ.

"ಏನಾದ್ರೂ ಹೇಳಮ್ಮ. ನಿಂಗೆ ಏನು ಬರುತ್ತೋ ಅದು," ಎಂದ ಗೋಡೆಯ ಕಡೆಗೆ.

ಬೀದಿಯಲ್ಲಿ ಯಾರೋ ಗಾಡಿ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

"ಬೆಂಚು ಹಸ್ರು ಬಣ್ಣದ್ದು," ಎಂದಳು.

ಯಾವ ಬೆಂಚು ಎಂದು ಕೇಳಬೇಕಾಗಿರಲಿಲ್ಲ. ಬೆರಳುಗಳು ಟೈಪು ಮಾಡಿದವು: ಆಸ್ಪತ್ರೆಯ ಬೆಂಚು ಹಸಿರು ಬಣ್ಣದ್ದಾಗಿತ್ತು.

"ಒಂದ್ಕಡೆ ಬಣ್ಣ ಎದ್ದಿತ್ತು. ನಾನು ಉಗುರಲ್ಲಿ ಕೀಳ್ತಾ ಇದ್ದೆ. ಡಾಕ್ಟ್ರು ಬಂದು ಹೇಳಿ ಹೋದ್ರು. ಆಮೇಲೆ ನರ್ಸು ಅಮ್ಮನ ಚಪ್ಲಿ ಕವರಲ್ಲಿ ಹಾಕಿ ಕೊಟ್ರು. ಕ್ಲಿಪ್ಪೂ ಇತ್ತು. ಕ್ಲಿಪ್ಪಲ್ಲಿ ಕೂದ್ಲು ಸಿಕ್ಕೊಂಡಿತ್ತು. ನಾನು ಕವರು ತೊಡೆ ಮೇಲೆ ಇಟ್ಕೊಂಡೆ."

ವೈದ್ಯರು ವಿಷಯ ತಿಳಿಸಿದರು. ತರುವಾಯ ದಾದಿಯು ತಾಯಿಯವರ ಪಾದರಕ್ಷೆ ಇತ್ಯಾದಿಗಳನ್ನು ನನಗೆ ಒಪ್ಪಿಸಿದರು. ಯಂತ್ರದ ಗಂಟೆ ಬಾರಿಸಿತು, ಅವನು ಸಾಲು ತಳ್ಳಿದ. ತಾನು ಏನು ಟೈಪು ಮಾಡುತ್ತಿದ್ದೇನೆಂದು ಅವನು ನೋಡುತ್ತಿರಲಿಲ್ಲ. ಗೋಡೆಯ ಸುಣ್ಣದಲ್ಲಿ ಆಸ್ಪತ್ರೆಯ ಆ ಓಣಿ ಕಾಣುತ್ತಿತ್ತು. ಔಷಧಿ ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತ ಹೋಗುತ್ತಿತ್ತು. ಅವನು ಬೆಂಚಿನ ಈ ತುದಿ, ಮಗಳು ಆ ತುದಿ. ಡಾಕ್ಟರು ಹೇಳಿಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ, ಅಳು ಇನ್ನೂ ಎಲ್ಲಿಂದ ಬರಬೇಕೆಂದು ದಾರಿ ಹುಡುಕುತ್ತಿತ್ತು. ಆಗ ಫೋನು ಬಂತು. ಆಫೀಸಿನ ಹೆಡ್‌ಕ್ಲಾರ್ಕು. ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ. "ಏನಯ್ಯಾ, ನಿನ್ನೆಯ ಸಾಕ್ಷಿಗೆ ಮುನ್ನೂರ ನಲವತ್ತು ವರ್ಷ ವಯಸ್ಸು ಅಂತ ಹೊಡ್ದಿದ್ದೀಯಲ್ಲ! ಸಾಹೇಬ್ರು ಕೇಳ್ತಿದ್ದಾರೆ, ಇವರು ಯಾವ ರಾಜರ ಕಾಲದೋರು, ಮತ್ತೊಂದ್ಸಲ ಕರೆಸಿ ನೋಡೋಣ ಅಂತ." ಅವನು ನಕ್ಕ. ಮುಗುಳ್ನಗೆಯಲ್ಲ, ಬಿಕ್ಕಳಿಕೆಯ ಹಾಗೆ ಒಂದು, ಎರಡು, ಮೂರು ಸಲ, ಗಟ್ಟಿಯಾಗಿ. ನಗುತ್ತಿರುವವನು ತಾನೇ ಎಂದು ಗೊತ್ತಾಗುವಷ್ಟರಲ್ಲಿ ನಕ್ಕಾಗಿತ್ತು. ಎಂಟು ತಿಂಗಳಿಂದ ಆ ನಗು ಅವನ ಜೊತೆ ಸ್ನಾನಕ್ಕೆ ಬಂದಿದೆ, ಬಸ್ಸು ಹತ್ತಿದೆ, ಊಟಕ್ಕೆ ಕೂತಿದೆ. ಮಗಳು ಆಗ ತಲೆ ತಗ್ಗಿಸಿ ಬಣ್ಣ ಕೀಳುತ್ತಿದ್ದಳು, ಅವಳು ನೋಡಲಿಲ್ಲ ಎಂದು ಅವನು ತನಗೆ ತಾನೇ ಪ್ರಮಾಣ ಮಾಡಿಕೊಂಡಿದ್ದ.

"ಆಮೇಲೆ ಅಪ್ಪಂಗೆ ಫೋನ್ ಬಂತು," ಎಂದಿತು ಬೆನ್ನ ಹಿಂದಿನ ದನಿ. "ಆಮೇಲೆ ಅಪ್ಪ ನಕ್ಕ."

ಬೆರಳುಗಳು ನಿಲ್ಲಲಿಲ್ಲ. ನಿಂತಿದ್ದರೆ ಅವನು ತನ್ನನ್ನು ಮುಂದೆ ಯಾವತ್ತಾದರೂ ಕ್ಷಮಿಸಿಕೊಳ್ಳಬಹುದಾಗಿತ್ತು. ತರುವಾಯ ತಂದೆಯವರು ದೂರವಾಣಿಯಲ್ಲಿ ಮಾತನಾಡಿದರು. ಪೂರ್ಣವಿರಾಮ. ಒಂದು ಕ್ಷಣವೂ ತಡವರಿಸದೆ, ಒಂದು ಅಕ್ಷರವೂ ತಪ್ಪದೆ.

ಅವಳು ಹೇಳುವುದು ಅಲ್ಲಿಗೆ ಮುಗಿದಿತ್ತು. ಅವನು ಹಾಳೆ ಎಳೆದು ತೆಗೆದ. ಓದಿ ಹೇಳಿದ. ತನ್ನ ದನಿ ಕೋರ್ಟಿನ ದನಿಯಾದದ್ದು, ಎಲ್ಲೂ ಏರದೆ ಇಳಿಯದೆ ಹೋಗುವುದು, ಅವನಿಗೇ ಕೇಳಿಸುತ್ತಿತ್ತು. ಕೊನೆಯ ಸಾಲು ಮುಗಿಸಿ, ತಿರುಗದೆ, "ಸರಿ ಇದೆಯಾ?" ಎಂದ.

"ಸರಿ ಇದೆ," ಎಂದಳು. "ಎಲ್ಲಿ ಸೈನ್ ಮಾಡ್ಲಿ?"

ಅವಳ ಕೈ ಅವನ ಭುಜದ ಪಕ್ಕದಿಂದ ಬಂದು ಪೆನ್ನು ತೆಗೆದುಕೊಂಡು, ಅವನು ತೋರಿಸಿದ ಜಾಗದಲ್ಲಿ ತನ್ನ ಹೆಸರನ್ನು ದುಂಡಗೆ, ನಿಧಾನವಾಗಿ ಬರೆಯಿತು. ಅಷ್ಟರಲ್ಲಿ ಅಕ್ಕ ಹಾಲಿನೊಂದಿಗೆ ಬಂದವಳು ಹಾಳೆ ಕಿತ್ತುಕೊಂಡು ನಿಂತಲ್ಲೇ ಓದಿದಳು. ಅವಳ ಕಣ್ಣು ತುಂಬಿತು. "ಎಷ್ಟು ಚೆನ್ನಾಗಿ ಹೇಳಿದ್ದೀಯೇ ನನ್ನವ್ವ. ದೊಡ್ಡೋರ ಥರಾನೇ ಹೇಳಿದ್ದೀಯ. ಇದನ್ನೇ ಕಳ್ಸೋ, ಇದಕ್ಕಿಂತ ಏನು ಬೇಕು ಅವ್ರಿಗೆ?" ಎಂದು ಸೋದರಸೊಸೆಯ ತಲೆ ಸವರಿ, ಮೂಗೊರೆಸಿಕೊಳ್ಳುತ್ತ ಒಳಗೆ ಹೋದಳು. ಮಗಳು ಹೊಗಳಿಕೆಯನ್ನು ತನ್ನದಲ್ಲದ ಬಟ್ಟೆಯ ಹಾಗೆ ಸ್ವಲ್ಪ ಹೊತ್ತು ಹಾಕಿಕೊಂಡು ನಿಂತಿದ್ದಳು.

ಅವನು ಇನ್ನೊಂದು ಹಾಳೆ ಸುತ್ತಿಸಿದ. ಬೆಂಚು ಹಸ್ರು ಬಣ್ಣದ್ದು ಎಂದು ಶುರುಮಾಡಿ, ಬಣ್ಣ ಕಿತ್ತದ್ದು, ಕವರು, ಕ್ಲಿಪ್ಪು, ಕೂದಲು, ತೊಡೆ, ಅವಳು ಹೇಳಿದ ಹಾಗೆಯೇ. ಹದಿನೆಂಟು ವರ್ಷದಲ್ಲಿ ಇಷ್ಟು ನಿಧಾನವಾಗಿ ಅವನು ಎಂದೂ ಟೈಪು ಮಾಡಿರಲಿಲ್ಲ. ಒಂದೊಂದು ಕೀಲಿಯನ್ನೂ ಹುಡುಕಿ ಒತ್ತಬೇಕಾಯಿತು. ಕೊನೆಯಲ್ಲಿ, ಆಮೇಲೆ ಅಪ್ಪ ನಕ್ಕ.

"ನೀನು ಹೇಳಿದ್ದು ಇದು," ಎಂದ. "ಇದನ್ನೇ ಕಳ್ಸೋಣ. ಆ ಮೂರನೇದ್ರಲ್ಲೇ ಸೇರಿಸ್ತೀನಿ ನಿನ್ನ."

ಅವಳು ಬಗ್ಗಿ ಓದಿದಳು. ಓದಿ, ಕೊನೆಯ ಸಾಲಿನ ಮೇಲೆ ಅಂಗೈ ಮುಚ್ಚಿದಳು. "ಬೇಡಪ್ಪ. ಅತ್ತೆ ಓದ್ತಾರೆ. ಕಳಿಸಿದ್ರೆ ಅವ್ರೂ ಓದ್ತಾರೆ." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಸ್ಕೂಲಲ್ಲೂ ಇದೇ ಬಂತು. ಪೆನ್ಸಿಲ್ ಇಟ್ರೆ ಇದೇ ಮೊದ್ಲು ಬರುತ್ತೆ. ಬೇರೆ ಬರೆಯೋಣ ಅಂತ ಕಾಯ್ತೀನಿ, ಬರಲ್ಲ. ಟೀಚರ್ ಬಂದ್ಬಿಟ್ರು, ಅದಕ್ಕೇ ತಿಂದೆ. ನಾನು ಯಾರಿಗೂ ಹೇಳಿಲ್ಲಪ್ಪ."

ಅರ್ಜಿ ಪಕ್ಕದಲ್ಲೇ ಬಿದ್ದಿತ್ತು. ಮಗುವಿನ ತೊಂದರೆ: ಸ್ವಂತವಾಗಿ ಬರೆಯಲು ಬರುವುದಿಲ್ಲ. ಎಂಟು ತಿಂಗಳು ಈ ಒಂಬತ್ತು ವರ್ಷದ್ದು ಪ್ರತಿದಿನ ಪೆನ್ಸಿಲ್ ಹಿಡಿದು ಕೂತು, ಬಂದದ್ದನ್ನು ಬರೆಯದೆ, ಬೈಸಿಕೊಂಡು, ಅಕ್ಕಪಕ್ಕದ ಮಕ್ಕಳ ಕಣ್ಣಿಗೆ ದಡ್ಡಿಯಾಗಿ, ಅಪ್ಪನ ಮಾನ ಕಾಯುತ್ತಿತ್ತು. ಅವನು ಆ ದಿನಗಳಲ್ಲೆಲ್ಲ ಅವಳಿಗೆ ಹೊಸ ಪೆನ್ಸಿಲ್ ತಂದುಕೊಡುತ್ತಿದ್ದ. ಹಿಡಿತ ಸರಿಯಾಗಲೆಂದು ಅದಕ್ಕೆ ರಬ್ಬರಿನ ತೊಡಿಗೆಯನ್ನೂ ತಂದಿದ್ದ. ಅದನ್ನು ನೆನೆಸಿಕೊಂಡು ಅವನಿಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಎನ್ನಿಸಿತು.

"ಅತ್ತೆ ಹೇಳಿದ ದಪ್ಪದ್ದೇ ಇರ್ಲಿ," ಎಂದಳು ಮಗಳು, ಅವನನ್ನು ಸಮಾಧಾನ ಮಾಡುವವಳ ಹಾಗೆ. "ಅದ್ರಲ್ಲಿ ಬೇರೆಯೋರ ಸಾಲು ಬರೆದ್ರೆ ಸಾಕಲ್ವಾ? ಅದು ನಂಗೆ ಬರುತ್ತೆ."

ಅವನು ಕುರ್ಚಿಯನ್ನು ಎಳೆದು ಗೋಡೆಯಿಂದ ತಿರುಗಿ ಕೂತ. ಅವಳ ಮುಖ ಅವನು ಅಂದುಕೊಂಡಿದ್ದಕ್ಕಿಂತ ಹತ್ತಿರದಲ್ಲಿತ್ತು. ಅಮ್ಮನ ಹಾಗೇ ಎಡ ಹುಬ್ಬು ಸ್ವಲ್ಪ ಮೇಲೆ. ಕೇಳಲೋ ಬೇಡವೋ ಎಂದು ಆ ಹುಬ್ಬು ಇನ್ನಷ್ಟು ಮೇಲೇರಿತು.

"ಯಾಕಪ್ಪ ನಕ್ಕಿದ್ದು?"

ಇಷ್ಟು ದಿನ ಇದಕ್ಕೆ ಅವನು ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದ. ಆಘಾತದಲ್ಲಿ ಹಾಗಾಗುತ್ತದೆ ಎಂದು ಎಲ್ಲೋ ಓದಿದ್ದೂ ಇತ್ತು. ಅವನ್ನೆಲ್ಲ ಬದಿಗಿಟ್ಟ. ನಡೆದದ್ದನ್ನೇ ಹೇಳಿದ. ಹೆಡ್‌ಕ್ಲಾರ್ಕಿನ ಫೋನು, ಮೂವತ್ತನಾಲ್ಕರ ಮುಂದೆ ತಾನು ಹೊಡೆದ ಸೊನ್ನೆ, ಸಾಹೇಬರು ಕೇಳಿದ್ದು. "ಸಾಕ್ಷಿಗೆ ಮುನ್ನೂರ ನಲವತ್ತು ವರ್ಷ ಆಗಿತ್ತಮ್ಮ. ಬಸ್ಸಲ್ಲಿ ಬಂದು ಹೇಳಿಕೆ ಕೊಟ್ಟು ಹೋಗಿದ್ದ."

ಅವಳು ಅದನ್ನು ಯೋಚಿಸಿದಳು. ಅವನ ಕಣ್ಣೆದುರಿಗೇ ಅವಳ ಗಲ್ಲ ನಡುಗಿತು, ಮೂಗಿನ ಹೊಳ್ಳೆ ಅರಳಿತು, ತಡೆದಷ್ಟೂ ತಡೆಯಲಾಗದೆ ಅದು ಬಂದೇಬಿಟ್ಟಿತು, ಬಿಕ್ಕಳಿಕೆಯ ಹಾಗೆ, ಒಂದು, ಎರಡು, ಮೂರು ಸಲ, ಗಟ್ಟಿಯಾಗಿ. ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು. ಮರುಕ್ಷಣ ಅವಳ ಎರಡೂ ಕೈ ಬಾಯಿ ಮುಚ್ಚಿದವು. ಕಣ್ಣುಗಳು ದೊಡ್ಡದಾಗಿ, ಗೋಡೆಯ ಮೇಲಿದ್ದ ಅಮ್ಮನ ಫೋಟೋದ ಕಡೆ ಹೋಗಿ, ಹೆದರಿ ಅವನ ಕಡೆ ಬಂದವು. ಆ ಕಣ್ಣು ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಅದನ್ನೇ.

"ಏನ್ರೋ ಅದು, ಅಪ್ಪ ಮಗಳು ನಗ್ತಾ ಇದ್ದೀರಾ?" ಅಕ್ಕ ಒಳಗಿನಿಂದ ಕೂಗಿದಳು. ಅವಳ ದನಿಯಲ್ಲಿ ಆಸೆಯಿತ್ತು.

"ನಾನು ನಕ್ಕಿದ್ದು ಹೇಳ್ಬೇಡಪ್ಪ," ಎಂದಳು ಮಗಳು ಕೈಯ ಸಂದಿಯಿಂದ.

ಅವನು ಅವಳ ಕೈಗಳನ್ನು ಬಾಯಿಯಿಂದ ಬಿಡಿಸಲು ಹೋದ. ಬಿಗಿಯಾಗಿದ್ದವು, ಬಿಡಿಸಲಾಗಲಿಲ್ಲ.

"ಏನಿಲ್ಲ ಅಕ್ಕ," ಎಂದ.